ಭರಣಿಯ ತಪ್ಪು, ಸೊಸೆಯ ಹೊಣೆ

ಉಪ್ಪಿನಕಾಯಿ ಕೆಟ್ಟರೆ ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ನಿಲ್ಲುವವಳು ಸೊಸೆ. ಮೈಲಿಗೆಯ ಕೈಯಿಂದ ಭರಣಿಯನ್ನು ಮುಟ್ಟಿದಳೆಂದು ತೀರ್ಪಾಗುತ್ತದೆ, ಅದಕ್ಕೆ ಮೇಲ್ಮನವಿಯಿಲ್ಲ. ರಾಮತೀರ್ಥ ನಗರದ ನಮ್ಮ ಮನೆಯಲ್ಲಿಯೂ ಕಳೆದ ಮಳೆಗಾಲದಲ್ಲಿ ಇದೇ ನಡೆಯಿತು. ಉಪ್ಪುನೀರಿನಲ್ಲಿಟ್ಟ ಮಾವಿನ ಮಿಡಿಯ ಮೇಲೆ ಬಿಳಿಯ ಪೊರೆ ಕಟ್ಟಿತು; ಸೊಸೆ ಕಣ್ಣೀರಿಟ್ಟಳು. ಮೊದಲು ನಾನೂ ಸುಮ್ಮನಿದ್ದೆನು. ಆಮೇಲೆ ಪಾತ್ರೆಯನ್ನು ತರಿಸಿ ನೋಡಿದೆನು: ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಸಡಿಲವಾದ ಮುಚ್ಚಳ, ಒಳಗೆ ಅರ್ಧ ಬರಿದು. ಅಪರಾಧಿ ಗಾಳಿ.

ಉಪ್ಪುನೀರಿನಲ್ಲಿ ಕಾಯಿಯನ್ನು ಹುಳಿಯಾಗಿಸಿ ಕಾಪಾಡುವ ಸೂಕ್ಷ್ಮಜೀವಿಗಳಿಗೆ ಗಾಳಿಯ ಹಂಗಿಲ್ಲ. ಮೇಲೆ ಪೊರೆ ಕಟ್ಟುವ ಯೀಸ್ಟಿಗೂ ಬೂಷ್ಟಿಗೂ ಅದು ಬೇಕೇ ಬೇಕು. ಅವು ಆ ಹುಳಿಯನ್ನೇ ತಿಂದು ಕಾವಲನ್ನು ಮುರಿಯುತ್ತವೆ. ಬಿಯರ್ ತಯಾರಿಸುವವರು ಇಂತಹ ಕೆಡುಕನ್ನು ಚೆನ್ನಾಗಿ ಬಲ್ಲರು. ಬಿಯರ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಪಾಶ್ಚರನು 1876ರಲ್ಲಿ ಗ್ರಂಥವನ್ನೇ ಬರೆದನು. ಮೊದಲಿಗೆ ಯೀಸ್ಟು ಬೆಳೆಯಲು ಒಂದಿಷ್ಟು ಗಾಳಿ ಬೇಕು. ಹುದುಗು ಮುಗಿದ ಮೇಲೆ ಅದೇ ಗಾಳಿ ತಗುಲಿದರೆ ಬಿಯರಿಗೆ ಒದ್ದೆ ರಟ್ಟಿನ ವಾಸನೆ. ಪ್ಲಾಸ್ಟಿಕ್ಕು ಗಾಳಿಯನ್ನು ಮೆಲ್ಲನೆ ಒಳಬಿಡುತ್ತದೆ, ಗೀರುಗಳಲ್ಲಿ ಕೊಳೆಯನ್ನು ಉಳಿಸುತ್ತದೆ. ಗಾಜಿಗೂ ಉಕ್ಕಿಗೂ ಗಾಳಿ ನುಸುಳುವ ದೋಷವಿಲ್ಲ. ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಗೆ ವಿರುದ್ಧ. ನಾವು ಕಲಿಯಬೇಕಾದುದು ಅವರ ಎಚ್ಚರವನ್ನು ಮಾತ್ರ.

ಹಾಗೆಂದು ಮಣ್ಣನ್ನು ಜರೆಯಬೇಕಾಗಿಲ್ಲ. ನಮ್ಮ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಮೆರುಗಿಲ್ಲದ ಗಡಿಗೆ ಬೆವರುತ್ತದೆ. ಆದುದರಿಂದಲೇ ಅದರ ನೀರು ತಂಪು, ಮೊಸರು ಗಟ್ಟಿ. ಆದರೆ ವರ್ಷವಿಡೀ ಇಡುವ ಉಪ್ಪಿನಕಾಯಿಗೆ ಆ ಸಣ್ಣ ರಂಧ್ರಗಳೇ ಮುಳುವು. ಅದಕ್ಕೆ ಮೆರುಗುಗೊಟ್ಟ ಭರಣಿ ಇಲ್ಲವೆ ಗಾಜಿನ ಜಾಡಿ ತಕ್ಕದ್ದು. ಮೆರುಗಿನಲ್ಲಿ ಸೀಸವಿರಕೂಡದು, ಹುಳಿ ತಗುಲಿದರೆ ಅದು ಕರಗಿ ವಿಷವಾಗುತ್ತದೆ. ಕಲಾಯಿಯಿಲ್ಲದ ಹಿತ್ತಾಳೆಯೂ ಬೇಡ.

ಪಾತ್ರೆ ಒಳ್ಳೆಯದಾದರೆ ಸಾಲದು. ಮಿಡಿ ಮೇಲೇಳದಂತೆ ಭಾರವಿಟ್ಟು ಉಪ್ಪುನೀರಿನಲ್ಲಿ ಮುಳುಗಿಸಬೇಕು. ಖಾಲಿಯಾದಂತೆಲ್ಲ ಚಿಕ್ಕ ಭರಣಿಗೆ ತುಂಬಬೇಕು. ನಮ್ಮ ಅಜ್ಜಿಯರು ಉಪ್ಪಿನಕಾಯಿಯ ಮೇಲೆ ಎಣ್ಣೆ ಹೊಯ್ದು, ಬಾಯಿಗೆ ಬಟ್ಟೆ ಬಿಗಿದು, ಯಾರೂ ಮೇಲಿಂದ ಮೇಲೆ ತೆರೆಯಬಾರದೆಂದು ಕಟ್ಟು ಮಾಡಿದ್ದರು. ಅವರ ಕೆಲಸ ಸರಿ. ಕೊಟ್ಟ ಕಾರಣ ತಪ್ಪು. ಆ ತಪ್ಪು ಕಾರಣದ ಭಾರವನ್ನು ಎಷ್ಟು ತಲೆಮಾರುಗಳ ಹೆಣ್ಣುಮಕ್ಕಳು ಹೊತ್ತರು!

ಈ ವರ್ಷ ನಮ್ಮ ಮನೆಯ ಭರಣಿಯನ್ನು ಸೊಸೆಯೇ ತುಂಬಿದ್ದಾಳೆ. ಯಾವ ದಿನ ತುಂಬಿದಳೆಂದು ನಾವು ಕೇಳಲಿಲ್ಲ.