ಲಾಭ ಯಾರ ಪಾಲು, ನಷ್ಟ ಯಾರ ಹೆಗಲು?

ಚುನಾವಣೆಗಳು ಸಮೀಪಿಸಿದಾಗಲೆಲ್ಲ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿಯೂ, ಒಂದೇ ಬಗೆಯ ವಾಗ್ವಾದ ಕಿವಿಗೆ ಬೀಳುತ್ತದೆ. ವ್ಯಾಪಾರ-ವಹಿವಾಟು ನಡೆಸುವವರು "ಸಮಾಜವಾದವೇ ಈ ದೇಶವನ್ನು ಹಾಳುಮಾಡಿತು, ಜನರನ್ನು ಸೋಮಾರಿಗಳನ್ನಾಗಿಸಿತು" ಎನ್ನುತ್ತಾರೆ. ರೈಲ್ವೆ ಕಾರ್ಯಾಗಾರದಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು "ಲಾಭಕೋರರ ಕೈಗೆ ದೇಶವನ್ನು ಮಾರಿದ್ದಾರೆ" ಎನ್ನುತ್ತಾರೆ. ಒಬ್ಬರು ತಲೆಂತುಗಳ ಸಾಮತಿಯನ್ನು ಮುಂದಿಡುತ್ತಾರೆ. ಮತ್ತೊಬ್ಬರು ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ಮುಂದಿಡುತ್ತಾರೆ. ಒಂದೇ ಪೀಠದ ಮುಂದೆ ಮೊಣಕಾಲೂರಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮನೆಯ ದಾರಿ ಹಿಡಿಯುತ್ತಾರೆ.

ರಾಜಕೀಯ ಭಿನ್ನಾಭಿಪ್ರಾಯ ಇರಬಾರದೆಂದು ನಾನು ಹೇಳುತ್ತಿಲ್ಲ. ಪ್ರಜಾಪ್ರಭುತ್ವದಲ್ಲಿ ಅದು ಇರಬೇಕಾದದ್ದೇ. ಆದರೆ ಈ ವಾದದಲ್ಲಿ ಇಬ್ಬರೂ ಕೇಳಬೇಕಾದ ಪ್ರಶ್ನೆಯನ್ನು ಕೇಳುತ್ತಿಲ್ಲ ಎಂಬುದು ನನ್ನ ಆಕ್ಷೇಪ. ವ್ಯವಸ್ಥೆಯ ಹೆಸರು ಬಂಡವಾಳಶಾಹಿಯೋ ಸಮಾಜವಾದವೋ ಎಂದು ಜಗಳವಾಡುವ ಮೊದಲು, ಲಾಭ ಬಂದಾಗ ಅದು ಯಾರ ಪಾಲಿಗೆ ಹೋಗುತ್ತದೆ, ನಷ್ಟ ಬಂದಾಗ ಅದು ಯಾರ ಹೆಗಲಿಗೇರುತ್ತದೆ ಎಂದು ಕೇಳೋಣ. ಈ ಒಂದು ಪ್ರಶ್ನೆಯ ಮುಂದೆ ಎಷ್ಟೋ ದೊಡ್ಡ ಮಾತುಗಳ ಬಣ್ಣ ಕಳಚುತ್ತದೆ.

ಧರ್ಮಸಭೆಗೆ ಈ ವಿಷಯ ಹೊಸದಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು 'ರೇರುಂ ನೊವಾರುಂ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ಖಾಸಗಿ ಆಸ್ತಿಯನ್ನೇ ಅಳಿಸಿಹಾಕಬೇಕೆಂಬ ಅಂದಿನ ಸಮಾಜವಾದವನ್ನು ಅವರು ತಿರಸ್ಕರಿಸಿದರು. ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಯಾವ ಕೂಲಿಯೂ ನ್ಯಾಯದ ಕೂಲಿಯಾಗುವುದಿಲ್ಲ, ಹಸಿವಿನಿಂದ ಒಪ್ಪಿದ್ದು ಒಪ್ಪಿಗೆಯೇ ಅಲ್ಲವೆಂಬ ತತ್ವವನ್ನೂ ಅದೇ ಪತ್ರದಲ್ಲಿ ಎತ್ತಿಹಿಡಿದರು. ನೂರು ವರ್ಷಗಳ ನಂತರ, 1991ರಲ್ಲಿ, ಕಮ್ಯುನಿಸ್ಟ್ ಆಡಳಿತವನ್ನು ತಮ್ಮ ನಾಡಿನಲ್ಲಿ ಸ್ವತಃ ಕಂಡಿದ್ದ ಜಗದ್ಗುರು ಎರಡನೆಯ ಜಾನ್ ಪೌಲರು ಲಾಭಕ್ಕೆ ಅದರದೇ ಆದ ಸ್ಥಾನವಿದೆ ಎಂದು ಒಪ್ಪಿಕೊಂಡರು. ಉದ್ಯಮ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಲಾಭವೊಂದು ಗುರುತು. ಆದರೆ ಲೆಕ್ಕಪುಸ್ತಕ ಚೊಕ್ಕಟವಾಗಿದ್ದೂ ಅದೇ ಉದ್ಯಮದ ಮನುಷ್ಯರು ಅವಮಾನಕ್ಕೆ ಗುರಿಯಾಗಿರಬಹುದು ಎಂದೂ ಅವರು ಎಚ್ಚರಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹೊಸ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ ನೆನೆದದ್ದು ಆ 1891ರ ಪತ್ರವನ್ನೇ. ಆದುದರಿಂದ ಧರ್ಮಸಭೆ ತಮ್ಮ ಪಕ್ಷದಲ್ಲಿದೆಯೆಂದು ಎದೆತಟ್ಟಿಕೊಳ್ಳುವವರು, ಯಾವ ಪಕ್ಷದವರೇ ಆಗಿರಲಿ, ಅರ್ಧ ಪುಟವನ್ನು ಮಾತ್ರ ಓದಿದ್ದಾರೆ.

ದೂರದ ರೋಮಿನಿಂದ ನಮ್ಮೂರಿಗೇ ಬರೋಣ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾಯಿತು. ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರದೊಂದಿಗೆ ಖಾದಿಯ ರಾಷ್ಟ್ರಧ್ವಜವನ್ನು ತಯಾರಿಸುವ ಕೇಂದ್ರವೆಂದು ಅದರ ಹೆಸರು ದೇಶದಾದ್ಯಂತ ಪ್ರಸಿದ್ಧ. ಧಾರವಾಡ ತಾಲ್ಲೂಕಿನ ಗರಗವೂ ಧ್ವಜದ ಬಟ್ಟೆಗೆ ಹೆಸರಾದ ಊರು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಅಶೋಕಚಕ್ರವನ್ನು ಎರಡೂ ಬದಿಗೆ ಸರಿಯಾಗಿ ಕೂಡುವಂತೆ ಮುದ್ರಿಸುವುದು, ಹೊಲಿಯುವುದು, ಹೀಗೆ ಹಂತಹಂತವಾಗಿ ಕೆಲಸ ಸಾಗುತ್ತದೆ. ನೂಲಿನ ಬಲ, ಬಣ್ಣದ ಗಟ್ಟಿತನ, ಅಳತೆ ಎಲ್ಲವೂ ಪರೀಕ್ಷೆಗೊಳಗಾಗಬೇಕು. ಒಂದರಲ್ಲಿ ಲೋಪ ಕಂಡರೂ ಬಟ್ಟೆ ತಿರಸ್ಕೃತ. ಈ ಕೈಗಳಲ್ಲಿ ಬಹುಪಾಲು ಹೆಣ್ಣುಮಕ್ಕಳವು. ಅವರು ಪಡೆಯುವ ಕೂಲಿ ದೊಡ್ಡದೇನೂ ಅಲ್ಲ, ಆದರೆ ಅದು ಊರು ಬಿಟ್ಟು ಹೋಗದೆ, ಮರ್ಯಾದೆಯಿಂದ ಕುಳಿತು ದುಡಿದು ಪಡೆದ ಕೂಲಿ.

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜಸಂಹಿತೆಗೆ ತಿದ್ದುಪಡಿ ತಂದಿತು. ಅಲ್ಲಿಯವರೆಗೆ ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆಯ ಧ್ವಜಕ್ಕೆ ಮಾತ್ರ ಮಾನ್ಯತೆಯಿತ್ತು. ತಿದ್ದುಪಡಿಯ ನಂತರ ಯಂತ್ರದಿಂದ ತಯಾರಿಸಿದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ದೊರೆಯಿತು. 2022ರ ಆಗಸ್ಟ್‌ನಲ್ಲಿ ಮನೆಮನೆಗೂ ಧ್ವಜ ಹಾರಿಸುವ ಅಭಿಯಾನ ನಡೆದಾಗ ದೇಶದಲ್ಲಿ ಧ್ವಜಗಳಿಗೆ ಹಿಂದೆಂದೂ ಕಾಣದ ಬೇಡಿಕೆ ಬಂದಿತು. ಅದೇ ವರ್ಷ ಬೆಂಗೇರಿಯ ಕೆಲಸಗಾರರು ತಮ್ಮ ಅನ್ನಕ್ಕೆ ಕುತ್ತು ಬಂದಿದೆಯೆಂದು ಪ್ರತಿಭಟನೆಗೆ ಕುಳಿತರು. ಸುಗ್ಗಿ ಬಂದ ವರ್ಷವೇ ಒಕ್ಕಲಿನವನ ಮನೆಯಲ್ಲಿ ಒಲೆ ಆರಿದಂತೆ!

ತಿದ್ದುಪಡಿಯನ್ನು ಸಮರ್ಥಿಸುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಧ್ವಜ ಅಗ್ಗವಾದರೆ ಬಡವನೂ ಕೊಳ್ಳಬಹುದು. ಖಾದಿ ಕೇಂದ್ರಗಳಷ್ಟರಿಂದಲೇ ಕೋಟಿಗಟ್ಟಲೆ ಧ್ವಜಗಳನ್ನು ಪೂರೈಸಲು ಸಾಧ್ಯವಿರಲಿಲ್ಲ. ಒಂದು ಸಂಘದ ಹಿತಕ್ಕಾಗಿ ಇಡೀ ದೇಶದ ಮಾರುಕಟ್ಟೆಯನ್ನು ಕಟ್ಟಿಹಾಕುವುದು ಸರಿಯಲ್ಲ ಎನ್ನುತ್ತಾರೆ. ಈ ಮಾತುಗಳಲ್ಲಿ ತಥ್ಯವಿಲ್ಲವೆಂದು ನಾನು ಹೇಳಲಾರೆ. ಹಾಗಾದರೆ ನನ್ನ ಪ್ರಶ್ನೆ ಇಷ್ಟೇ: ಅಗ್ಗದ ಧ್ವಜದ ಲಾಭ ಮಿಲ್ಲಿನವನಿಗೆ ಮತ್ತು ಕೊಳ್ಳುವವನಿಗೆ ಸಿಕ್ಕಿತು; ಅದರ ಬೆಲೆಯನ್ನು ತೆತ್ತವರು ಯಾರು? ಲಡಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಗಳು. ನಿಯಮವನ್ನು ಬದಲಿಸುವಾಗ ಸರ್ಕಾರಿ ಕಚೇರಿಗಳ ಧ್ವಜವಾದರೂ ಖಾದಿಯದೇ ಆಗಿರಬೇಕೆಂದು ಹೇಳಬಹುದಿತ್ತು. ಬದಲಾವಣೆಗೆ ಒಂದೆರಡು ವರ್ಷದ ಅವಧಿ ಕೊಡಬಹುದಿತ್ತು. ಇಡೀ ದೇಶದ ಹಬ್ಬದ ವೆಚ್ಚವನ್ನು ಅತ್ಯಂತ ಕಡಿಮೆ ಗಳಿಸುವವರ ತಲೆಗೆ ಕಟ್ಟುವುದನ್ನು 'ಮಾರುಕಟ್ಟೆಯ ಸಹಜ ನಿಯಮ' ಎಂದು ಕರೆಯುವುದು ನನ್ನಿಂದಾಗದು. ಅದು ಆಕಾಶದಿಂದ ಬಿದ್ದ ನಿಯಮವಲ್ಲ. ಮನುಷ್ಯರು ಕುಳಿತು, ಸಹಿ ಹಾಕಿ ಮಾಡಿದ ನಿಯಮ.

ಇದನ್ನು ಓದಿ ಎಡಪಂಥದ ಮಿತ್ರರು ತಲೆದೂಗಬಹುದು. ಅವರಿಗೂ ಒಂದು ಮಾತಿದೆ. ಮಾಲೀಕನ ಸ್ಥಾನದಲ್ಲಿ ಸರ್ಕಾರವನ್ನು ಕೂರಿಸಿದ ಮಾತ್ರಕ್ಕೆ ನ್ಯಾಯ ತಾನಾಗಿ ಬಂದುಬಿಡುವುದಿಲ್ಲ. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ರೈತರನ್ನು ನೆನೆಯಿರಿ. ನೀರಾವರಿ ಯೋಜನೆ ಸರ್ಕಾರದ್ದೇ, ಉದ್ದೇಶ ಜನಹಿತದ್ದೇ. ಆದರೆ ನೀರು ಸರಿಯಾಗಿ ತಲುಪದ ಹೊಲಗಳ ಒಡೆಯರಿಂದಲೂ ಅಭಿವೃದ್ಧಿ ಕರವನ್ನು ವಸೂಲು ಮಾಡಲು ಹೊರಟಾಗ ನವಲಗುಂದ, ನರಗುಂದಗಳ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ಅಂದಿನ ಧಾರವಾಡ ಜಿಲ್ಲೆಯ ಆ ಊರುಗಳಲ್ಲಿ ಗೋಲಿಬಾರು ನಡೆಯಿತು, ಜೀವಗಳು ಹೋದವು. ಅಲ್ಲಿ ಯಾವ ಖಾಸಗಿ ಕಂಪನಿಯೂ ಇರಲಿಲ್ಲ, ಲಾಭಕೋರ ಸಾಹುಕಾರನೂ ಇರಲಿಲ್ಲ. ಯೋಜನೆ ರೂಪಿಸಿದ ಕಚೇರಿಗೆ ತಪ್ಪಿನ ಬಿಸಿ ತಟ್ಟಲಿಲ್ಲ. ನಷ್ಟ ಬಂದು ಬಿದ್ದದ್ದು ರೈತನ ಅಂಗಳದಲ್ಲಿಯೇ. ಸರ್ಕಾರದ ಹೆಸರಿನಲ್ಲಿ ನಡೆದರೂ ಅನ್ಯಾಯ ಅನ್ಯಾಯವೇ.

ಹಾಗಾದರೆ ದಾರಿ ಯಾವುದು? ದಾರಿಯನ್ನು ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ. ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳ ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಹಳ್ಳಿ. ಸಾಲದ ಬಡ್ಡಿಯಲ್ಲಿ ರೈತ ತನ್ನ ಹೊಲವನ್ನೇ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದರ ಹಿಂದಿನ ವರ್ಷವಷ್ಟೇ ಸಹಕಾರ ಕಾಯಿದೆ ಜಾರಿಗೆ ಬಂದಿತ್ತು. ಅವರು ಸಾಹುಕಾರನ ಮನೆಗೆ ಬೆಂಕಿ ಇಡಲಿಲ್ಲ. ಸರ್ಕಾರವೇ ಎಲ್ಲವನ್ನೂ ಕೊಡಲೆಂದು ಕಾದು ಕೂರಲಿಲ್ಲ. ನೆರೆಹೊರೆಯವರ ಸಣ್ಣ ಉಳಿತಾಯಗಳನ್ನು ಕೂಡಿಸಿದರು. ಸಾಲ ಕೊಡುವವನೂ ಸಾಲ ಪಡೆಯುವವನೂ ಒಂದೇ ಸಂಘದ ಸದಸ್ಯರಾದ್ದರಿಂದ ಬಡ್ಡಿಯ ಲಾಭ ಊರಿನಲ್ಲಿಯೇ ಉಳಿಯಿತು. ಕಾಯಕ, ದಾಸೋಹಗಳ ಮಾತನ್ನು ಶತಮಾನಗಳಿಂದ ಕೇಳಿಕೊಂಡು ಬಂದ ಈ ಮಣ್ಣಿಗೆ ಅದು ಪರಕೀಯವೆನಿಸಲಿಲ್ಲ.

ಅದಾಗಿ ನೂರಿಪ್ಪತ್ತು ವರ್ಷಗಳ ಬಳಿಕ, 2025ರ ಫೆಬ್ರುವರಿಯಲ್ಲಿ, ಕಿರುಸಾಲ ಸಂಸ್ಥೆಗಳ ವಸೂಲಿ ಕಿರುಕುಳವನ್ನು ತಡೆಯಲು ಇದೇ ಕರ್ನಾಟಕದಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಿರುಕುಳ ತಾಳದೆ ಜನ ಮನೆ ಬಿಟ್ಟು ಹೋದ, ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವು ಓದಿದ್ದೇವೆ. ಕಣಗಿನಹಾಳದ ನಾಡಿನಲ್ಲಿ ಇದು ನಡೆದದ್ದು ಹೇಗೆ? ಸಹಕಾರ ಸಂಘಗಳನ್ನು ನಾವು ಪಕ್ಷರಾಜಕೀಯದ ಅಖಾಡವಾಗಲು ಬಿಟ್ಟೆವು. ಸದಸ್ಯನಾದವನು ಮಹಾಸಭೆಗೆ ಹೋಗುವುದನ್ನು ಬಿಟ್ಟ, ಲೆಕ್ಕ ಕೇಳುವುದನ್ನು ಬಿಟ್ಟ. ಖಾಲಿಯಾದ ಜಾಗಕ್ಕೆ ವಾರದ ಕಂತಿನ ಸಾಲ ನಡೆದುಬಂದಿತು. ಬಡವನ ತುರ್ತಿನಿಂದ ಹೆಚ್ಚಿನ ಬಡ್ಡಿ ಎತ್ತುವುದು ಅಂದೂ ಲಾಭವೆನಿಸಿತ್ತು, ಇಂದೂ ಲಾಭವೆನಿಸುತ್ತದೆ. ಅದಕ್ಕೆ ಹೊಸ ಹೆಸರು, ಹೊಸ ರಸೀದಿ ಬಂದಿದೆ, ಅಷ್ಟೇ.

ಹೊರದೇಶದ ಒಂದು ಉದಾಹರಣೆಯನ್ನೂ ನೋಡೋಣ. ಸ್ಪೇನಿನ ಮೊಂದ್ರಾಗೊನ್ ಎಂಬ ಪಟ್ಟಣಕ್ಕೆ 1941ರಲ್ಲಿ ಹೋಸೆ ಮರಿಯ ಅರಿಜ್ಮೆಂದಿಯರಿಯೆತ ಎಂಬ ಕಥೋಲಿಕ ಗುರುಗಳು ಬಂದರು. ಯುದ್ಧದಿಂದ ನೊಂದಿದ್ದ ಆ ಊರಿನಲ್ಲಿ ಅವರು ಮೊದಲು ಒಂದು ತಾಂತ್ರಿಕ ಶಾಲೆ ತೆರೆದರು. ಅದರಲ್ಲಿ ಕಲಿತ ಯುವಕರೇ 1956ರಲ್ಲಿ, ಬೆಂಗೇರಿಯ ಸಂಘಕ್ಕಿಂತ ಒಂದು ವರ್ಷ ಮೊದಲು, ಕೆಲಸಗಾರರೇ ಒಡೆಯರಾದ ಕಾರ್ಖಾನೆಯನ್ನು ಪ್ರಾರಂಭಿಸಿದರು. ಇಂದು ಆ ಸಹಕಾರ ಸಮೂಹದಲ್ಲಿ ಹತ್ತಾರು ಸಾವಿರ ಮಂದಿ ದುಡಿಯುತ್ತಿದ್ದಾರೆ. ಅಲ್ಲಿಯೂ ಸೋಲು ಬಂದಿದೆ. 2013ರಲ್ಲಿ ಅವರ ಗೃಹೋಪಯೋಗಿ ಯಂತ್ರಗಳ ದೊಡ್ಡ ಘಟಕವೇ ದಿವಾಳಿಯಾಯಿತು. ಆಗ ಕೆಲಸ ಕಳೆದುಕೊಂಡ ಅನೇಕ ಸದಸ್ಯರಿಗೆ ಸಮೂಹದ ಇತರ ಸಹಕಾರ ಘಟಕಗಳು ಕೆಲಸ ಕೊಟ್ಟವು. ಲಾಭವನ್ನು ಹಂಚಿಕೊಂಡವರು ನಷ್ಟಕ್ಕೂ ಹೆಗಲು ಕೊಟ್ಟರು. ನಾನು ಕೇಳುತ್ತಿರುವ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಕಂಡಿಲ್ಲ.

ಇನ್ನು 'ಪುಕ್ಕಟೆ' ಎಂಬ ಪದದ ವಿಚಾರ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತಾಗ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಖಾತೆಗೆ ಬಂದಾಗ, "ಬಿಟ್ಟಿ ಕೊಟ್ಟು ಜನರನ್ನು ಕೆಡಿಸುತ್ತಿದ್ದಾರೆ" ಎಂದು ನಮ್ಮವರೇ ಎಷ್ಟು ಜನ ಹೇಳಲಿಲ್ಲ? 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಮೂಲ ತೆರಿಗೆ ದರವನ್ನು ಶೇಕಡ 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುವುದೆಂದು ಆಗ ಸರ್ಕಾರವೇ ಅಂದಾಜಿಸಿತ್ತು. ಅದನ್ನು ಬಿಟ್ಟಿ ಎಂದವರು ಎಷ್ಟು ಮಂದಿ? ಅದಕ್ಕೆ 'ಉತ್ತೇಜನ' ಎಂಬ ಗೌರವದ ಹೆಸರು. ಬಡವನಿಗೆ ಕೊಟ್ಟರೆ ಸೋಮಾರಿತನ, ಉಳ್ಳವನಿಗೆ ಕೊಟ್ಟರೆ ಉತ್ಸಾಹ! ಎರಡಕ್ಕೂ ಒಂದೇ ತಕ್ಕಡಿ ಹಿಡಿಯಿರಿ. ಎರಡರಿಂದಲೂ ಏನು ಫಲ ಬಂತು, ಕೆಲಸ ಎಷ್ಟು ಹುಟ್ಟಿತು, ಮನೆ ಎಷ್ಟು ನಿಂತಿತು ಎಂದು ಕೇಳಿರಿ.

ಉಚಿತ ಕೊಡುವ ಸರ್ಕಾರವೂ ಈ ತಕ್ಕಡಿಯಿಂದ ತಪ್ಪಿಸಿಕೊಳ್ಳಬಾರದು. 2025ರ ಆಗಸ್ಟ್ 5ರಂದು ರಾಜ್ಯದ ಸಾರಿಗೆ ನೌಕರರು ವೇತನದ ಹಿಂಬಾಕಿಗಾಗಿ ಮುಷ್ಕರ ಹೂಡಿದರು. ಹುಬ್ಬಳ್ಳಿ ನಮ್ಮ ಭಾಗದ ಸಾರಿಗೆ ಸಂಸ್ಥೆಯ ಕೇಂದ್ರಸ್ಥಾನ. ಚಾಲಕರು, ನಿರ್ವಾಹಕರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ತಾಯಿಯೊಬ್ಬಳಿಗೆ ಟಿಕೆಟು ಉಚಿತವಾಗಲಿ, ಸಂತೋಷ. ಆದರೆ ಆ ಬಸ್ಸನ್ನು ಓಡಿಸುವವನ ಬಾಕಿ ಸಂಬಳ ಸರ್ಕಾರದ ಲೆಕ್ಕದಲ್ಲಿ ಕೊನೆಯ ಸಾಲಿಗೆ ಹೋಗಬಾರದು.

ಕೊನೆಯದಾಗಿ, ಈ ತಕ್ಕಡಿಯನ್ನು ನಮ್ಮ ಮನೆಯೊಳಕ್ಕೂ ತರಬೇಕು. ಬಂಡವಾಳಶಾಹಿಯನ್ನು ಬೈಯುವವರ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ವಾರದ ರಜೆ ಉಂಟೇ? ಸಮಾಜವಾದವನ್ನು ಬೈಯುವವರ ಅಂಗಡಿಯಲ್ಲಿ ಹತ್ತು ವರ್ಷ ದುಡಿದ ಹುಡುಗನಿಗೆ ಭವಿಷ್ಯನಿಧಿ ಉಂಟೇ? ಧರ್ಮಸಭೆಯ ಹೆಸರಿನಲ್ಲಿ ನಡೆಯುವ ಶಾಲೆ, ಆಸ್ಪತ್ರೆಗಳ ಗುಮಾಸ್ತ, ಆಯಾ, ಕಾವಲುಗಾರರಿಗೆ ಸಿಗುವುದು ನ್ಯಾಯದ ಸಂಬಳವೇ? ಈ ಪ್ರಶ್ನೆ ಗುರುಗಳಾದ ನಮ್ಮನ್ನು ಮೊದಲು ಕೇಳುತ್ತದೆ. ನಾವು ಉತ್ತರ ಕೊಡದೆ ಪ್ರಸಂಗಪೀಠದಿಂದ ಇತರರಿಗೆ ಬೋಧಿಸಿದರೆ ಅದಕ್ಕೆ ಬೆಲೆಯಿಲ್ಲ. ತಡೆಹಿಡಿದ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂದು ಎಚ್ಚರಿಸುವಾಗ ಸಂತ ಯಾಕೋಬರು ಕೂಲಿ ತಡೆದವನ ಪಕ್ಷ ಯಾವುದೆಂದು ವಿಚಾರಿಸಲಿಲ್ಲ.

ಆದುದರಿಂದ ಧರ್ಮಕೇಂದ್ರದ ಕುಟುಂಬಗಳಿಗೆ ನನ್ನ ವಿನಂತಿ ಇದು. ವೋಟನ್ನು ನಿಮ್ಮ ಮನಸ್ಸಾಕ್ಷಿಯಂತೆ ಹಾಕಿರಿ. ನೀವು ಸದಸ್ಯರಾಗಿರುವ ಸಹಕಾರ ಸಂಘದ ಮುಂದಿನ ಮಹಾಸಭೆಗೆ ತಪ್ಪದೆ ಹೋಗಿ ಲೆಕ್ಕ ಕೇಳಿರಿ. ಸ್ವಾತಂತ್ರ್ಯೋತ್ಸವಕ್ಕೆ ಧ್ವಜ ಕೊಳ್ಳುವಾಗ ಸಾಧ್ಯವಾದರೆ ಬೆಂಗೇರಿಯದನ್ನೋ ಗರಗದ ಬಟ್ಟೆಯದನ್ನೋ ಕೊಳ್ಳಿರಿ. ನಮ್ಮ ಶಾಲೆಗಳಂತೂ ಇದನ್ನು ನಿಯಮವನ್ನಾಗಿ ಮಾಡಿಕೊಳ್ಳಲಿ. ನಿಮ್ಮ ಕೈಕೆಳಗೆ ಒಬ್ಬರೇ ದುಡಿಯುತ್ತಿದ್ದರೂ ಈ ತಿಂಗಳೇ ಅವರ ಕೂಲಿಯ ಲೆಕ್ಕವನ್ನು ಮತ್ತೊಮ್ಮೆ ತೆಗೆದು ನೋಡಿರಿ. ಲಾಭ ಮಾಡುವುದು ಪಾಪವಲ್ಲ. ನಷ್ಟವನ್ನೆಲ್ಲ ಮಾತೆತ್ತಲಾರದವನ ಹೆಗಲಿಗೆ ದಾಟಿಸಿ ಲಾಭ ಮಾಡುವುದು ಪಾಪ. ಅದನ್ನು ಮಾಡುವವನು ಸೇಠನಾಗಿರಲಿ, ಸರ್ಕಾರವಾಗಿರಲಿ, ಸಂಸ್ಥೆಯಾಗಿರಲಿ, ನಾವೇ ಆಗಿರಲಿ.