ಮನೆಗೆಲಸದ ಮಾತು: ಮೆಟ್ಟಿಲಿನ ಕೈಪಿಡಿ

ಮಹಡಿಯ ಮೆಟ್ಟಿಲಿಗೆ ಮರದ ಕೈಪಿಡಿಯನ್ನು ನಾವು ಮೊದಲ ಸಲ ಮಾಡಿ ಕೂರಿಸಿದಾಗ, ಮನೆಯಲ್ಲಿದ್ದ ತೇಗದ ತುಂಡು ಒಂದಡಿಯಷ್ಟು ಗಿಡ್ಡವಾಗಿದ್ದಿತು. ಕಟ್ಟಕಡೆಯ ಮೆಟ್ಟಿಲಿಗೆ ಹಿಡಿಯಿಲ್ಲದಿದ್ದರೇನು, ಅಲ್ಲಿಂದ ಬೀಳುವವರಾರು ಎಂದು ಸಮಾಧಾನ ಮಾಡಿಕೊಂಡೆವು. ಬಿದ್ದವರು ನಮ್ಮ ಸೋದರತ್ತೆಯವರು. ದೀಪವಿಲ್ಲದ ಹೊತ್ತಿನಲ್ಲಿ ಇಳಿಯುತ್ತಿದ್ದ ಅವರು, ಕೈಯಲ್ಲಿ ಮರ ಮುಗಿದುದರಿಂದ ನೆಲವೇ ಬಂದಿತೆಂದೆಣಿಸಿ ಹೆಜ್ಜೆಯಿಟ್ಟರು, ಮಣಿಕಟ್ಟು ಮುರಿಯಿತು. ಕತ್ತಲೆಯಲ್ಲಿ ಮೆಟ್ಟಿಲನ್ನೆಣಿಸುವುದು ಕಾಲಲ್ಲ, ಕೈ ಎಂಬುದು ನಮಗೆ ತಿಳಿದುದು ಅಂದೇ.

ಆದುದರಿಂದ ಮರವನ್ನು ಕೊಳ್ಳುವ ಮೊದಲು ಅಳೆಯತಕ್ಕದ್ದು. ಮೇಲಿನ ಮೆಟ್ಟಿಲಿನ ಅಂಚಿನಿಂದ ಕೆಳಗಿನದರ ಅಂಚಿನವರೆಗೆ ಓರೆಯಾಗಿ ದಾರ ಹಿಡಿದು, ಬಂದ ಉದ್ದಕ್ಕೆ ಇನ್ನೂ ಒಂದೂವರೆ ಅಡಿ ಕೂಡಿಸಿಕೊಳ್ಳಬೇಕು. ಕೆಳತುದಿಯು ಕೊನೆಯ ಮೆಟ್ಟಿಲನ್ನು ದಾಟಿ, ಒಂದು ಮೆಟ್ಟಿಲಿನ ಅಗಲದಷ್ಟಾದರೂ ಮುಂದೆ ಬರಬೇಕು. ಎತ್ತರವು ಮೆಟ್ಟಿಲಿನ ಮುಂದಂಚಿನಿಂದ ನೆಟ್ಟಗೆ 34ರಿಂದ 36 ಅಂಗುಲ.

ತೇಗ, ಹಲಸು ಎರಡೂ ಒಳ್ಳೆಯವೇ. ಹೊನ್ನೆಯು ಗಟ್ಟಿಯಾದ ಮರ. ಆದರೆ ಒದ್ದೆಯಾದರೆ ಹಳದಿ ಬಣ್ಣ ಬಿಡುವುದು. ಬಿಳಿಯ ಪಂಚೆಯುಡುವವರು ಯೋಚಿಸಿಕೊಳ್ಳಲಿ.

ನೋಟಕ್ಕೆ ಗಂಭೀರವಾಗಿರಲೆಂದು ನಾಲ್ಕಂಗುಲ ಅಗಲದ ಹಲಗೆಯನ್ನೇ ಕೈಪಿಡಿಯಾಗಿ ಕೂರಿಸುವವರುಂಟು. ಅದು ಕೈಯೂರಲು ಸರಿ, ಜಾರಿದಾಗ ಹಿಡಿಯಲು ಬಾರದು. ಬೆರಳುಗಳು ಮರವನ್ನು ಸುತ್ತಿಕೊಳ್ಳಬೇಕು. 1¾ ಅಂಗುಲದ ಚೌಕದ ರೀಪನ್ನು ತಂದು, ಕೀಸುಳಿಯಿಂದ ನಾಲ್ಕು ಮೂಲೆಗಳನ್ನು ಹೆರೆದರೆ ಎಂಟು ಮೈ ಆಗುವುದು. ಆ ಎಂಟು ಮೂಲೆಗಳನ್ನು ಮತ್ತೆ ಹೆರೆದರೆ ಹದಿನಾರು. ಅನಂತರ ಉಪ್ಪುಕಾಗದದಿಂದ ಉಜ್ಜಿದರೆ ಮರ ತಾನಾಗಿ ದುಂಡಗಾಗುವುದು. ಆತುರಪಟ್ಟು ಒಮ್ಮೆಗೇ ದುಂಡು ಮಾಡಹೊರಟರೆ ಹಾವಿನ ಮೈಯಂತೆ ಒಂದೆಡೆ ಉಬ್ಬಿ ಒಂದೆಡೆ ಸೊರಗುವುದು.

ಗೋಡೆಗೂ ಮರಕ್ಕೂ ನಡುವೆ ಎರಡಂಗುಲ ತೆರಪಿರಲಿ. ಇಲ್ಲವಾದರೆ ಬೆರಳಿನ ಗೆಣ್ಣು ತರಚುವುದು. ಮೂರು ಮೂರು ಅಡಿಗೊಂದರಂತೆ ಕಬ್ಬಿಣದ ಬ್ರಾಕೆಟ್ಟುಗಳನ್ನು ಮರದ ಅಡಿಭಾಗಕ್ಕೆ ಬರುವಂತೆ ಕೂರಿಸಬೇಕು. ತಿರುಪುಮೊಳೆಯು ಗಾರೆಯನ್ನು ದಾಟಿ ಇಟ್ಟಿಗೆಯೊಳಕ್ಕೆ ಇಳಿಯದಿದ್ದರೆ ಅದು ಅಲಂಕಾರಕ್ಕೆ ಮಾತ್ರ. ಮನೆಯಲ್ಲಿ ಎಲ್ಲರಿಗಿಂತ ಭಾರವಾದವರು ಒಮ್ಮೆ ಜೋತು ನೋಡಲಿ. ನಾವೇ ಜೋತು ನೋಡಿದೆವು. ತುದಿಗಳನ್ನು ಗೋಡೆಯ ಕಡೆಗೆ ತಿರುಗಿಸಿ ಮುಗಿಸಿದರೆ ಸೆರಗು ಸಿಕ್ಕಿಕೊಳ್ಳದು.

ಕುದಿಸಿದ ಅಗಸೆಯೆಣ್ಣೆಯನ್ನು ತೆಳುವಾಗಿ ಎರಡು ಸಲ ಬಳಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆಸೆಯಬಾರದು. ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಬೇಕು.

ಹೊಸ ಕೈಪಿಡಿಯಲ್ಲಿ, ಕೊನೆಯ ಮೆಟ್ಟಿಲಿನ ನೇರಕ್ಕೆ, ಬೆರಳಿಗೆ ತಿಳಿಯುವಂತೆ ಅಡಿಯಲ್ಲೊಂದು ಸಣ್ಣ ಕಚ್ಚು ಮಾಡಿದ್ದೇವೆ. ಅದು ಅತ್ತೆಯವರ ಸೂಚನೆ. ಹಗಲಿನಲ್ಲಿಯೂ ಅದನ್ನು ಮುಟ್ಟಿ ನೋಡದೆ ಅವರು ನೆಲಕ್ಕೆ ಕಾಲಿಡುವುದಿಲ್ಲ.