ನಿಂತುಹೋದ ಯುವನಿಧಿ: ಕೇಳುವುದರಲ್ಲಿ ನಾಚಿಕೆಯಿಲ್ಲ

ರಾಜ್ಯ ಸರಕಾರದ ಐದು ಗ್ಯಾರಂಟಿ ಯೋಜನೆಗಳಲ್ಲಿ ಕೊನೆಯದಾಗಿ ಜಾರಿಗೆ ಬಂದದ್ದು ಯುವನಿಧಿ. 2024ರ ಜನವರಿ 12ರಂದು, ಸ್ವಾಮಿ ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ದೊರೆಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷಗಳವರೆಗೆ.

ಗೃಹಲಕ್ಷ್ಮಿಯ ಕಂತು ತಡವಾದರೆ ಊರೆಲ್ಲ ಮಾತಾಗುತ್ತದೆ, ಸದನದಲ್ಲಿಯೂ ಪ್ರಶ್ನೆ ಏಳುತ್ತದೆ. ಯುವನಿಧಿ ನಿಂತರೆ ಎಷ್ಟೋ ವೇಳೆ ಮನೆಯೊಳಗೂ ಮಾತಾಗುವುದಿಲ್ಲ. ಹಣ ಬರಲಿಲ್ಲವೆಂದು ಹೇಳುವವರು, ತಮಗಿನ್ನೂ ಕೆಲಸವಿಲ್ಲವೆಂಬುದನ್ನು ಮತ್ತೊಮ್ಮೆ ಹೇಳಿಕೊಳ್ಳಬೇಕಾಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ, ಎಚ್.ಡಿ. ಕೋಟೆಗಳಿಂದ ಬಂದು ಮೈಸೂರಿನಲ್ಲಿ ಕೊಠಡಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಜನರಿಗೆ ಈ ಮೊತ್ತವೆಂದರೆ ಬಾಡಿಗೆಯ ಪಾಲು, ಅರ್ಜಿಶುಲ್ಕ, ಊರಿಗೆ ಹೋಗಿಬರುವ ಬಸ್ಸಿನ ದುಡ್ಡು. ಅದು ನಿಂತ ತಿಂಗಳು ಊಟದಲ್ಲಿ ಉಳಿತಾಯ ಆರಂಭವಾಗುತ್ತದೆ.

ನಿಲ್ಲುವುದಕ್ಕೆ ಕಾರಣಗಳು ಹಲವು. ಎರಡು ವರ್ಷ ಪೂರ್ಣವಾಗಿದ್ದರೆ ಅದು ನಿಯಮದಂತೆ ಮುಗಿದದ್ದು. ಅಲ್ಲಿ ತಕರಾರಿಗೆ ಎಡೆಯಿಲ್ಲ. ಸ್ನಾತಕೋತ್ತರ ತರಗತಿಗೆ ಸೇರಿದವರಿಗೂ ಅಪ್ರೆಂಟಿಸ್ ವೇತನ ಪಡೆಯುವವರಿಗೂ ಯೋಜನೆ ಅನ್ವಯಿಸುವುದಿಲ್ಲ. ಉಳಿದ ಕಾರಣಗಳಲ್ಲಿ ಮುಖ್ಯವಾದುದು ಸ್ವಯಂಘೋಷಣೆ. ತನಗೆ ಉದ್ಯೋಗವಿಲ್ಲ, ಸ್ವಯಂ ಉದ್ಯೋಗವೂ ಇಲ್ಲ, ಉನ್ನತ ವ್ಯಾಸಂಗದಲ್ಲಿಯೂ ಇಲ್ಲವೆಂದು ಫಲಾನುಭವಿಯು ಸೇವಾಸಿಂಧು ಜಾಲತಾಣದಲ್ಲಿ ಘೋಷಿಸಬೇಕು. ಆರಂಭದಲ್ಲಿ ಇದನ್ನು ಪ್ರತಿ ತಿಂಗಳು 25ರೊಳಗೆ ಮಾಡಬೇಕಿತ್ತು. ಮುಂದೆ ಮೂರು ತಿಂಗಳಿಗೊಮ್ಮೆ ಎಂದು ಸಡಿಲಿಸಲಾಯಿತು. ಆಧಾರ್‌ಗೆ ಜೋಡಿಸಿದ ಮೊಬೈಲು ಊರಿನಲ್ಲಿ ತಂದೆಯವರ ಕೈಯಲ್ಲಿದ್ದರೆ ಒಟಿಪಿ ಅಲ್ಲಿಗೆ ಹೋಗುತ್ತದೆ. ಹೊಲದಲ್ಲಿರುವ ಅವರು ಅದನ್ನು ನೋಡುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಇನ್ನೊಂದು ತೊಡಕು ಬ್ಯಾಂಕಿನದು. ಹಣ ಸಂದಾಯವಾಗುವುದು ಆಧಾರ್ ಜೋಡಣೆಯಾದ ಖಾತೆಗೆ. ಇನ್ನಾವುದೋ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಜೋಡಣೆ ಅಲ್ಲಿಗೆ ಬದಲಾಗಿದ್ದರೆ, ಹಣವೂ ಅಲ್ಲಿಗೇ ಹೋಗಿ ಕುಳಿತಿರುತ್ತದೆ. ನಿಂತುಹೋಯಿತೆಂದು ಕೊರಗುವವರು ಮೊದಲು ತಮ್ಮ ಎಲ್ಲ ಖಾತೆಗಳನ್ನೂ ನೋಡುವುದು ಲೇಸು.

ಘೋಷಣೆಯನ್ನು ಕೇಳುವುದು ತಪ್ಪೆಂದು ನಾವು ಹೇಳುವುದಿಲ್ಲ; ಸಾರ್ವಜನಿಕರ ಹಣಕ್ಕೆ ಲೆಕ್ಕವಿರಬೇಕು. ಆದರೆ ಘೋಷಿಸದೆ ಉಳಿದವರೆಲ್ಲ ಕೆಲಸ ಸಿಕ್ಕವರೆಂದು ಭಾವಿಸುವುದು ನ್ಯಾಯವಲ್ಲ. ಮೌನಕ್ಕೆ ಮರೆವು, ಕಾಯಿಲೆ, ಕೆಟ್ಟುಹೋದ ಮೊಬೈಲು ಯಾವುದೂ ಕಾರಣವಾಗಿರಬಹುದು. ಹಣ ತಡೆಯುವ ಮುನ್ನ ಕಾರಣ ತಿಳಿಸುವ ಒಂದು ಸಂದೇಶ, ಸರಿಪಡಿಸಿಕೊಳ್ಳಲು ಕೆಲವು ದಿನಗಳ ಅವಕಾಶ, ಸರಿಪಡಿಸಿದ ಮೇಲೆ ಬಾಕಿಯ ಸಂದಾಯ: ಇಷ್ಟನ್ನು ಸರಕಾರ ಖಚಿತಪಡಿಸಬೇಕು. ನಾಗರಿಕ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಬೇಕೆಂಬ ಸಕಾಲ ಕಾಯ್ದೆಯನ್ನು 2011ರಲ್ಲಿಯೇ ಮಾಡಿದ ರಾಜ್ಯ ನಮ್ಮದು. ಆ ಕಾಯ್ದೆಯ ಆಶಯ ಇಲ್ಲಿಯೂ ನಡೆಯಲಿ.

ಕಾಯಕವೇ ಕೈಲಾಸವೆನ್ನುವ ಪರಂಪರೆಯವರು ಕೆಲಸವಿಲ್ಲದವರ ಭತ್ಯೆಯ ಪರವಾಗಿ ಮಾತಾಡುವುದೇ ಎಂದು ಹಿರಿಯರಾದ ಕೆಲವು ಭಕ್ತರು ಕೇಳುವುದುಂಟು. ಕಾಯಕ ಒಲ್ಲೆನೆಂಬುದು ಬೇರೆ, ಕಾಯಕ ದೊರೆಯದಿರುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಪದವಿ ಪಡೆದ ಮಕ್ಕಳನ್ನು ಮದುವೆಮನೆಗಳಲ್ಲಿ ಹಂಗಿಸುವುದು ಶರಣಧರ್ಮವಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಆದರೆ ಆ ದಿನದ ಅಳತೆಯಷ್ಟು ಅಕ್ಕಿಯನ್ನು ಅವರು ಬೇಡವೆನ್ನಲಿಲ್ಲ. ಕೆಲಸ ಸಿಕ್ಕ ಮೇಲೆಯೂ ಇಲ್ಲವೆಂದು ಘೋಷಿಸಿ ಹಣ ಪಡೆಯುವವರಿಗೆ ಈ ಪ್ರಸಂಗದ ಮೊದಲರ್ಧ. ಹಕ್ಕಿನ ಹಣ ಕೇಳಲು ಸಂಕೋಚಪಡುವವರಿಗೆ ಉಳಿದರ್ಧ. ಸುಳ್ಳು ಘೋಷಣೆ ಮಾಡಿದವರಿಂದ ಹಣ ವಸೂಲಾಗುತ್ತದೆಂಬುದನ್ನೂ ನೆನಪಿಡಬೇಕು.

ಹಣ ನಿಂತವರು ಸೇವಾಸಿಂಧುವಿನಲ್ಲಿ ಅರ್ಜಿಯ ಸ್ಥಿತಿಯನ್ನೂ ಕೊನೆಯ ಘೋಷಣೆಯ ದಿನಾಂಕವನ್ನೂ ನೋಡಲಿ. ಬ್ಯಾಂಕಿನಲ್ಲಿ ಆಧಾರ್ ಜೋಡಣೆಯನ್ನು ಖಚಿತಪಡಿಸಿಕೊಳ್ಳಲಿ. ಎರಡೂ ಸರಿಯಿದ್ದರೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಲಿ. ಬಾಯಿಮಾತಿನ ದೂರಿಗೆ ದಾಖಲೆಯಿರುವುದಿಲ್ಲ. ಹಣ ಬಿಡಿಸಿಕೊಡುತ್ತೇವೆಂದು ಕಮಿಷನ್ ಕೇಳುವವರಿಗೆ ಆಧಾರ್ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ಕೊಡಕೂಡದು. ಮನವಿ ಬರೆಯಲು ನೆರವು ಬೇಕಾದವರು ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಅರ್ಜಿಯ ಸಂಖ್ಯೆಯೊಂದಿಗೆ ಶ್ರೀಮಠದ ಕಚೇರಿಗೆ ಬರಬಹುದು. ತಂದೆತಾಯಿಯರು ಜೊತೆಯಲ್ಲಿ ಬಂದರೆ ಇನ್ನೂ ಒಳ್ಳೆಯದು.